ಮರಿಸಿದ್ದಯ್ಯನ ಫ್ಲೆಕ್ಸು

ಹಲಗೂರಿನ ಬಸ್‌ಸ್ಟಾಪಿನಲ್ಲಿ ಯಾವುದಾದರೂ ಫ್ಲೆಕ್ಸು ನೆಟ್ಟಗೆ ನಿಂತಿದೆ ಎಂದರೆ ಅದನ್ನು ಕಟ್ಟಿದವನು ಹುಣಸೇದೊಡ್ಡಿಯ ಮರಿಸಿದ್ದಯ್ಯ ಎಂದೇ ತಿಳಿಯಬೇಕು. ಬೇರೆಯವರು ಕಟ್ಟಿದ್ದು ಒಂದು ಗಾಳಿ ಬೀಸಿದರೆ ಹೊಟ್ಟೆ ಉಬ್ಬಿಸಿಕೊಂಡು ಹಗ್ಗ ಕಿತ್ತುಕೊಂಡು ಹೋಗುತ್ತಿತ್ತು. ಮರಿಸಿದ್ದಯ್ಯ ಕಟ್ಟಿದ್ದು ಮಾತ್ರ, ಅದರೊಳಗಿನ ನಾಯಕರ ಮುಖ ಬಿಸಿಲಿಗೆ ಬಿಳಿಚಿಕೊಂಡು ಮೀಸೆಯಷ್ಟೇ ಉಳಿಯುವವರೆಗೂ ಅಲ್ಲಾಡುತ್ತಿರಲಿಲ್ಲ.

ಆ ಮೀಸೆ ಜಯಪ್ರಕಾಶ್ ಅವರದು. ಹುಣಸೇದೊಡ್ಡಿ ಮತ್ತು ಸುತ್ತಲಿನ ಹಳ್ಳಿಗಳ ಆಲೆಮನೆಯವರೆಲ್ಲ ಸೇರಿ ಕಟ್ಟಿಕೊಂಡ ಬೆಲ್ಲದ ಸಂಘಕ್ಕೆ ಅವರೇ ಅಧ್ಯಕ್ಷರು. ಎದುರಿಗೆ ಎಲ್ಲರೂ ಪ್ರಕಾಶಣ್ಣ ಎನ್ನುತ್ತಿದ್ದರು. ಹಿಂದೆ ಏನನ್ನುತ್ತಿದ್ದರು ಎಂಬುದು ಮರಿಸಿದ್ದಯ್ಯನ ಕಿವಿಗೆ ಬೀಳುತ್ತಿರಲಿಲ್ಲ. ಬಿದ್ದರೂ ಅವನು ಆ ಕಿವಿಯನ್ನು ಕೆರೆದುಕೊಂಡು ಸುಮ್ಮನಾಗುತ್ತಿದ್ದ.

ಪ್ರಕಾಶಣ್ಣನ ಹುಟ್ಟುಹಬ್ಬ, ಗೃಹಪ್ರವೇಶ, ಅವರ ಅಕ್ಕನ ಮಗ ಸ್ವರೂಪ್ ಪಿಯುಸಿ ಪಾಸಾದದ್ದು, ಎಲ್ಲದಕ್ಕೂ ಫ್ಲೆಕ್ಸು ಏಳುತ್ತಿತ್ತು. ಮಧ್ಯದಲ್ಲಿ ಕೈಮುಗಿದು ನಿಂತ ಅಣ್ಣ, ಕೆಳಗೆ ‘ಶುಭ ಕೋರುವವರು’ ಎಂದು ಸಾಲಾಗಿ ಗುಂಡು ಗುಂಡು ಮುಖಗಳು. ಇಷ್ಟು ವರ್ಷ ಫ್ಲೆಕ್ಸು ಕಟ್ಟಿದವನಿಗೆ ಇದ್ದದ್ದು ಒಂದೇ ಆಸೆ: ಆ ಗುಂಡು ಮುಖಗಳಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ ತನ್ನದೂ ಒಂದಿರಬೇಕು. ಒಮ್ಮೆ ಧೈರ್ಯ ಮಾಡಿ ಕೇಳಿಯೂ ಇದ್ದ. ಪ್ರಕಾಶಣ್ಣ ಅವನ ಹೆಗಲ ಮೇಲೆ ಕೈ ಹಾಕಿ, “ಲೇ ಮರಿಸಿದ್ದ, ನೀನು ನನ್ನ ಎದೇಲಿದೀಯ. ಫ್ಲೆಕ್ಸಲ್ಲಿ ಯಾಕ್ಲಾ?” ಎಂದಿದ್ದರು. ಆ ಮಾತನ್ನು ಮರಿಸಿದ್ದಯ್ಯ ಮನೆಗೆ ಹೋಗಿ ಹೆಂಡತಿಗೆ ಎರಡು ಸಲ ಹೇಳಿದ.

ಹೆಂಡತಿ ಚಲುವಮ್ಮ ರಾಗಿ ಕೇರುತ್ತಾ ಕೂತಿದ್ದಳು. “ಎದೇಲಿ ಜಾಗ ಇರೋದು ಸರಿ. ಫ್ಲೆಕ್ಸಿನಾಗೆ ಆ ಸ್ವರೂಪನ ಮಕಕ್ಕೆ ಮಾತ್ರ ಹೆಂಗೆ ಜಾಗ ಆಯ್ತು?” ಎಂದು ಮೊರ ಕುಟ್ಟಿದಳು.

ಅವನಿಗೆ ಪ್ರಕಾಶಣ್ಣನ ಮೇಲೆ ಅಷ್ಟು ಪ್ರೀತಿ ಹುಟ್ಟಿದ್ದು ಸುಮ್ಮನೆ ಅಲ್ಲ. ಒಂದು ಕಾಲದಲ್ಲಿ ಆ ಭಾಗದ ಬೆಲ್ಲವೆಲ್ಲ ಒಬ್ಬ ಸಾಹುಕಾರನ ಮಂಡಿಗೇ ಹೋಗಬೇಕಿತ್ತು. ಸಾಹುಕಾರ ಕುರ್ಚಿಯಲ್ಲಿ ಕೂತಿರುತ್ತಿದ್ದ, ರೈತರು ಅಂಗಳದಲ್ಲಿ ನಿಂತಿರುತ್ತಿದ್ದರು. ಆಗಿನ್ನೂ ಹುಡುಗನಂತಿದ್ದ ಪ್ರಕಾಶಣ್ಣ ಒಂದು ದಿನ ಹುಣಸೆಮರದ ಕೆಳಗೆ ಎಲ್ಲರನ್ನೂ ಸೇರಿಸಿ, “ಇನ್ಮೇಲೆ ನಮ್ಮಲ್ಲಿ ಕುರ್ಚಿಯೋನೂ ಇಲ್ಲ, ನಿಂತಿರೋನೂ ಇಲ್ಲ. ಎಲ್ರೂ ಒಂದೇ ಜಮಖಾನದ ಮ್ಯಾಲೆ!” ಎಂದು ಕೂಗಿದ. ಮಾತು ಎಲ್ಲರಿಗೂ ಹಿಡಿಸಿತು, ಆದರೆ ಜಮಖಾನ ಯಾರ ಬಳಿಯೂ ಇರಲಿಲ್ಲ. ಮರಿಸಿದ್ದಯ್ಯ ಮನೆಗೆ ಓಡಿ, ಚಲುವಮ್ಮನ ತವರಿನವರು ಮದುವೆಗೆ ಕೊಟ್ಟಿದ್ದ ಜಮಖಾನವನ್ನೇ ಎಳೆದುಕೊಂಡು ಬಂದ. ಸಂಘ ಹುಟ್ಟಿದ್ದು ಅದರ ಮೇಲೆ. ಅವತ್ತು ಮರಿಸಿದ್ದಯ್ಯ ಕೂಗಿದ ಜೈಕಾರಕ್ಕೆ ಹುಣಸೆಮರದ ಕಾಗೆಗಳೆಲ್ಲ ಎದ್ದು ಶಿಂಷಾ ಹೊಳೆ ದಾಟಿ ಹೋದವು ಎಂದು ಊರಿನಲ್ಲಿ ಈಗಲೂ ಹೇಳುತ್ತಾರೆ. ಅಂಥ ಗಂಟಲು ಅವನದು.

ಮೊದಲ ವರ್ಷ ಎಲ್ಲರೂ ಜಮಖಾನದ ಮೇಲೇ ಕೂತರು. ಎರಡನೇ ವರ್ಷ ಪ್ರಕಾಶಣ್ಣನಿಗೆ ಮಂಡಿನೋವು ಬಂತು. ಅಧ್ಯಕ್ಷರಿಗೊಂದು ಪ್ಲಾಸ್ಟಿಕ್ ಕುರ್ಚಿ ಬಂತು. ತಂದವನು ಮರಿಸಿದ್ದಯ್ಯನೇ. “ಪಾಪ, ಮಂಡಿನೋವು” ಎಂದು ಎಲ್ಲರಿಗೂ ತಾನೇ ಸಮಾಧಾನ ಹೇಳಿದ. ಆಮೇಲೆ ಸೊಂಟನೋವು ಬಂದು ಮೆತ್ತನೆಯ ಕುರ್ಚಿಯಾಯಿತು. ಆಮೇಲೆ, ಹಿಂದೆ ಕೂತವರಿಗೆ ಅಧ್ಯಕ್ಷರು ಕಾಣುವುದಿಲ್ಲವೆಂದು ಕುರ್ಚಿಯ ಕೆಳಗೆ ಒಂದು ಜಗಲಿ ಎದ್ದಿತು. ಸಭೆಯಲ್ಲಿ ಎದುರು ಮಾತಾಡಿದವರ ಬೆಲ್ಲದ ಅಚ್ಚು ಸಂಘದ ಗೋದಾಮಿನ ಬಾಗಿಲಲ್ಲೇ ಕೂತು ಬೆವರತೊಡಗಿತು. ಜಮಖಾನವನ್ನು ಯಾವಾಗಲೋ ಇಲಿ ತಿಂದವು. ಇಷ್ಟೆಲ್ಲ ಆದರೂ ಮರಿಸಿದ್ದಯ್ಯನ ಕಣ್ಣಿಗೆ ಅಣ್ಣನ ಮಂಡಿನೋವೇ ಕಾಣುತ್ತಿತ್ತು.

ಸಂಘದಲ್ಲಿ ಅವನಿಗೆ ಇಂಥದ್ದೇ ಎನ್ನುವ ಕೆಲಸವಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದು ಕಸ ಗುಡಿಸುವುದು, ಅಚ್ಚಿನ ಮೂಟೆ ಹೊರುವುದು, ಅಣ್ಣ ಬಂದರೆ ಕುರ್ಚಿ ಒರೆಸುವುದು, ಸಭೆಯಾದರೆ ಹಲಗೂರಿನ ವಾಜಿದ್‌ನ ಮೈಕಿನ ಆಟೋದಲ್ಲಿ ಹಳ್ಳಿಹಳ್ಳಿ ಸುತ್ತಿ ಸಾರುವುದು. ವಾಜಿದ್‌ಗೆ ಹಲಗೂರಿನಲ್ಲಿ ಮೈಕ್‌ಸೆಟ್ಟಿನ ಅಂಗಡಿ ಇತ್ತು. ಯಾವ ಜಾತಿಯ ಮದುವೆಯಾದರೂ, ಯಾವ ಪಕ್ಷದ ಭಾಷಣವಾದರೂ ಕಿರುಗುಟ್ಟುತ್ತಿದ್ದುದು ಅವನದೇ ಡಬ್ಬ. ಮರಿಸಿದ್ದಯ್ಯನ ಗಂಟಲು ಕಂಡರೆ ಅವನಿಗೆ ತಮಾಷೆ. “ಸಿದ್ದಣ್ಣ, ನೀನು ಕೂಗೋವಾಗ ಮೈಕ್ ಆಫ್ ಮಾಡ್ತೀನಿ ಇರು, ಬ್ಯಾಟ್ರಿನಾದ್ರೂ ಉಳೀಲಿ” ಎನ್ನುತ್ತಿದ್ದ.

ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಸಂಘವೇ ನಮ್ಮ ಮಗು ಎಂದು ಮರಿಸಿದ್ದಯ್ಯ ಹೇಳುತ್ತಿದ್ದ. ಆ ಮಗು ಇವತ್ತಿನವರೆಗೆ ಒಂದು ದಿನವೂ ಅಮ್ಮಾ ಉಂಡ್ಯಾ ಅಂತ ಕೇಳಲಿಲ್ಲವಲ್ಲ ಎಂದು ಚಲುವಮ್ಮ ಹೇಳುತ್ತಿದ್ದಳು.

ಈ ಸಲದ ಚುನಾವಣೆಗೆ ಹಿಂದೆಂದೂ ಆಗದ ಒಂದು ಸಂಗತಿ ಆಯಿತು. ಅಧ್ಯಕ್ಷರ ಎದುರು ಒಬ್ಬರು ನಿಂತರು. ಹೊನ್ನಯ್ಯ ಎಂಬ ಮೆತ್ತನೆಯ ಮನುಷ್ಯ, ಪಕ್ಕದ ಊರಿನವನು, ಆಲೆಮನೆ ಇಟ್ಟುಕೊಂಡಿದ್ದ. ಮಾತಾಡುವಾಗ ಹೆಗಲ ಮೇಲಿನ ಟವಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುವ ಅಭ್ಯಾಸ ಅವನಿಗೆ. ನಾಲ್ಕು ಜನರ ಎದುರು ನಿಂತರೆ ಆ ಟವಲು ಹಗ್ಗವೇ ಆಗಿಬಿಡುತ್ತಿತ್ತು. ಅಂಥವನಿಗೂ ಒಂದು ಫ್ಲೆಕ್ಸು ಎದ್ದಿತು, ಹುಣಸೇದೊಡ್ಡಿಯ ಗೇಟಿನಲ್ಲಿ, ಊರಿಗೆ ತಿರುಗುವ ರಸ್ತೆಯ ಬಾಯಲ್ಲಿ, ಪ್ರಕಾಶಣ್ಣನ ಫ್ಲೆಕ್ಸಿನ ಎದುರಿಗೇ.

ಪ್ರಕಾಶಣ್ಣ ಕಾರಿನಿಂದ ಇಳಿದು ಎರಡನ್ನೂ ನೋಡಿದರು.

“ಮರಿಸಿದ್ದ, ಅವನ್ದು ಎತ್ರ ಇಲ್ವೇನ್ಲಾ?”

“ಒಂದೇ ಸಮ ಅದೆ ಅಣ್ಣ.”

“ಒಂದೇ ಸಮ ಇದ್ರೆ ನಾನು ಅಧ್ಯಕ್ಷ ಯಾಕ್ಲಾ? ಇನ್ನೂ ಮ್ಯಾಲಕ್ಕೆ ಕಟ್ಟು.”

ಮರಿಸಿದ್ದಯ್ಯ ಹುಣಸೆಮರ ಹತ್ತಿದ. ಹಿಂದಿನ ದಿನ ಮಳೆ ಬಂದು ಕೊಂಬೆ ನೆನೆದಿತ್ತು. ಕಟ್ಟಿದ. ಇನ್ನೂ ಮ್ಯಾಲಕ್ಕೆ ಎಂದರು. ಬಿಚ್ಚಿ ಮತ್ತೂ ಮೇಲಕ್ಕೆ ಕಟ್ಟಿದ. ಇನ್ನೂ ಒಂದು ಗೇಣು ಎಂದರು. ಆ ಒಂದು ಗೇಣಿಗೆ ಕಾಲಿಡಲು ಕೊಂಬೆ ಇರಲಿಲ್ಲ. ಕೊಂಬೆ ಇಲ್ಲ ಅಣ್ಣ ಎಂದು ಹೇಳುವುದು ಅವನ ನಾಲಿಗೆಗೆ ಅಭ್ಯಾಸವಿರಲಿಲ್ಲ. ಇಟ್ಟ. ಜಾರಿದ. ಬಿದ್ದ ಹೊಡೆತಕ್ಕೆ ಬಲಗಾಲು ಮುರಿಯಿತು, ಜೇಬಿನಲ್ಲಿದ್ದ ಮೊಬೈಲು ಪುಡಿಯಾಯಿತು. ಫ್ಲೆಕ್ಸು ಮಾತ್ರ ನೆಟ್ಟಗೆ ನಿಂತಿತ್ತು.

ಪ್ರಕಾಶಣ್ಣ ಆ ಹೊತ್ತಿನಲ್ಲಿ ನಡೆದುಕೊಂಡ ರೀತಿಯನ್ನು ಯಾರಾದರೂ ಮೆಚ್ಚಬೇಕು. ಓಡಿಬಂದು ಮರಿಸಿದ್ದಯ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಸ್ವರೂಪ್ ಫೋಟೊ ತೆಗೆದ. ಒಂದು ಸರಿ ಬರಲಿಲ್ಲವೆಂದು ಇನ್ನೊಂದು ತೆಗೆದ. “ನನ್ನ ಕಾರಿನಲ್ಲೇ ದೊಡ್ಡ ಆಸ್ಪತ್ರೆಗೆ ಕರ್ಕೊಂಡೋಗಿ, ಎಷ್ಟು ದಿನ ಆದ್ರೂ ನಾನು ನೋಡ್ಕತೀನಿ!” ಎಂದು ಪ್ರಕಾಶಣ್ಣ ಸುತ್ತ ಇದ್ದವರಿಗೆಲ್ಲ ಕೇಳುವಂತೆ ಹೇಳಿದರು. ನೋವಿನಲ್ಲೂ ಮರಿಸಿದ್ದಯ್ಯ, ಸುದ್ದಿ ಕೇಳಿ ಓಡಿಬಂದಿದ್ದ ಚಲುವಮ್ಮನ ಕಡೆ ತಿರುಗಿ, ನೋಡ್ದಾ ಎನ್ನುವಂತೆ ಹುಬ್ಬು ಹಾರಿಸಿದ.

ಕಾರು ಮದ್ದೂರಿನವರೆಗೆ ಹೋಯಿತು. ಮದ್ದೂರಿನಲ್ಲಿ ಡ್ರೈವರ್‌ಗೆ ಫೋನು ಬಂತು. ಸಂಜೆಯ ಸಭೆಗೆ ಹಾರ ತರುವುದಿತ್ತು. ಗಂಡ ಹೆಂಡತಿಯನ್ನು ಅಲ್ಲೇ ರಸ್ತೆ ಬದಿಯ ಕಟ್ಟೆಯ ಮೇಲೆ ಇಳಿಸಿ ಅವನು ಹೂವಿನಂಗಡಿಗೆ ಹೋದ. ದಾರಿಹೋಕರು ಯಾರೋ ಆಂಬುಲೆನ್ಸ್ ಕರೆದರು. ಅದೇ ಅವರನ್ನು ಮಂಡ್ಯದ ಆಸ್ಪತ್ರೆಗೆ ತಲುಪಿಸಿತು.

“ಅಣ್ಣನಿಗೆ ಗೊತ್ತಿರಾಕಿಲ್ಲ, ಡ್ರೈವರ್ರೇ ಇಂಗೆ ಮಾಡವ್ನೆ” ಎಂದ ಮರಿಸಿದ್ದಯ್ಯ, ಸ್ಟ್ರೆಚರಿನ ಮೇಲೆ.

“ಸುಮ್ಕೆ ಮಲೀಕೊ. ಕಾಲು ಮುರಿದ್ರೆ ಕಟ್ಟು ಆಕ್ತಾರೆ. ನಿನ್ನ ಬುದ್ಧಿಗೆ ಏನು ಆಕ್ತಾರೋ ಆ ಸಿದ್ದಪ್ಪಾಜಿಯೇ ಬಲ್ಲ” ಎಂದಳು ಚಲುವಮ್ಮ.

ಆಸ್ಪತ್ರೆಯಲ್ಲಿ ಒಂದು ವಾರದ ಮೇಲಾಯಿತು. ಸಂಘದಿಂದ ಯಾರೂ ಬರಲಿಲ್ಲ. ಅಣ್ಣನೇ ನೋಡಿಕೊಳ್ಳುತ್ತಿದ್ದಾರೆ ಎಂದು ಊರವರು ನೆಮ್ಮದಿಯಾಗಿದ್ದರು. ಚಲುವಮ್ಮನ ಬಳಿ ಫೋನು ಎಂದೂ ಇರಲಿಲ್ಲ, ಅವನದು ಪುಡಿಯಾಗಿತ್ತು. ಚುನಾವಣೆಗೆ ಎರಡು ದಿನ ಇರುವಾಗ ಪ್ರಕಾಶಣ್ಣನಿಗೆ ನೆನಪಾಗಿ, ನೋಡಿಕೊಂಡು ಬಾ ಎಂದು ಸ್ವರೂಪ್‌ನನ್ನು ಕಳಿಸಿದರು.

ಸ್ವರೂಪ್ ಬೈಕಿನಿಂದ ಇಳಿಯುವುದು ಅಪರೂಪ. ಆಸ್ಪತ್ರೆಯ ಗೇಟಿನ ಹೊರಗೆ ಒಂದು ಗುಂಪು ಅಳುತ್ತಾ ವ್ಯಾನಿಗೆ ಹೆಣ ಏರಿಸುತ್ತಿತ್ತು. ಬೈಕಿನ ಮೇಲಿಂದಲೇ, ಯಾರು ಎಂದು ಕೇಳಿದ. ಮರಿಸಿದ್ದಯ್ಯ ಎಂದರು. ಯಾವ ಕಡೆಯವರು ಎಂದ. ಮಳವಳ್ಳಿ ತಾಲೂಕು ಎಂದರು. ಮಳವಳ್ಳಿ ತಾಲೂಕಿನಲ್ಲಿ ಕಲ್ಲು ಎಸೆದರೆ ಒಬ್ಬ ಮರಿಸಿದ್ದಯ್ಯನಿಗೆ ತಗಲುತ್ತದೆ ಎಂಬ ಸಂಗತಿ ಅವನಿಗೆ ಹೊಳೆಯಲಿಲ್ಲ. ಗಾಡಿ ತಿರುಗಿಸಿಕೊಂಡು ಬಂದು, ಮರಿಸಿದ್ದಯ್ಯ ಹೋಗಿಬಿಟ್ಟ, ಹೆಣವನ್ನು ಚಲುವಮ್ಮನ ತವರಿನವರು ಒಯ್ದರು ಎಂದು ಸುದ್ದಿ ಮುಟ್ಟಿಸಿದ.

ಆಸ್ಪತ್ರೆಯ ಒಳಗೆ ನಮ್ಮ ಮರಿಸಿದ್ದಯ್ಯ ಆ ಹೊತ್ತಿಗೆ ಇಡ್ಲಿ ತಿನ್ನುತ್ತಿದ್ದ.

ಮಾರನೇ ದಿನ, ಶನಿವಾರ ಬೆಳಿಗ್ಗೆ, ಡಾಕ್ಟರು ಮನೆಗೆ ಹೋಗಬಹುದು ಎಂದರು. ಕಾಲಿಗೆ ಬಿಳಿ ಕಟ್ಟು, ಕಂಕುಳಿಗೆ ಒಂದು ಊರುಗೋಲು. ಮಂಡ್ಯದಿಂದ ಮಳವಳ್ಳಿ ಬಸ್ಸು, ಅಲ್ಲಿಂದ ಹಲಗೂರಿನ ಬಸ್ಸು. ಕಂಡಕ್ಟರು ಸೀಟು ಬಿಡಿಸಿಕೊಟ್ಟ. ನಾಳೆ ಓಟು, ಇವತ್ತಾದರೂ ಬಂದು ಸೇರಿದೆನಲ್ಲ, ಅಣ್ಣನಿಗೆ ಆನೆ ಬಲ ಬಂದ ಹಾಗಾಗುತ್ತದೆ ಎಂದು ಮರಿಸಿದ್ದಯ್ಯ ದಾರಿಯುದ್ದಕ್ಕೂ ಹೇಳುತ್ತಾ ಬಂದ. ಚಲುವಮ್ಮ ಕಿಟಕಿಗೆ ಒರಗಿ ನಿದ್ದೆ ಹೋದಳು.

ಹಲಗೂರಿನಲ್ಲಿ ಇಳಿದರೆ ಎದುರಿಗೇ ದೊಡ್ಡ ಫ್ಲೆಕ್ಸು. ಮರಿಸಿದ್ದಯ್ಯ ಮೊದಲು ನೋಡಿದ್ದು ಹಗ್ಗವನ್ನು. “ಯಾವನೋ ಕಟ್ಟಿರೋದು ನೋಡು, ಒಂದು ಗಾಳಿಗೂ ನಿಲ್ಲಾಕಿಲ್ಲ” ಎಂದ. ಆಮೇಲೆ ಮುಖ ನೋಡಿದ. ನಡುಮಧ್ಯದಲ್ಲಿ, ಆಳೆತ್ತರಕ್ಕೆ, ತನ್ನದೇ ಮುಖ. ಹಣೆಯ ಮೇಲೆ ವಿಭೂತಿ ಬರೆದಿದ್ದರು. ತಲೆಯ ಹಿಂದೆ ಬೆಳಕಿನ ಚಕ್ರ ಇತ್ತು. ಪಕ್ಕದಲ್ಲಿ ಪ್ರಕಾಶಣ್ಣ ಕೈಮುಗಿದು ತಲೆ ತಗ್ಗಿಸಿ ನಿಂತಿದ್ದರು, ಆದರೂ ಮರಿಸಿದ್ದಯ್ಯನಿಗಿಂತ ಒಂದು ತಲೆ ಎತ್ತರವಾಗಿಯೇ ಇದ್ದರು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ, ‘ಸಂಘಕ್ಕಾಗಿ ಪ್ರಾಣ ಕೊಟ್ಟ ಧೀರ’.

ಮರಿಸಿದ್ದಯ್ಯ ತುಂಬ ಹೊತ್ತು ನೋಡಿದ. “ಪೋಟೊ ಚೆನ್ನಾಗಿ ಬಂದದೆ, ಅಲ್ವಾ?” ಎಂದ.

ಚಲುವಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ಬೆಳಕಿನ ಚಕ್ರ ಯಾರ ತಲೆಯ ಹಿಂದೆ ಬರುತ್ತದೆ ಎಂಬುದು ಅವಳಿಗೂ ಗೊತ್ತು. “ಏನ್ ಬರ್ದವ್ರೆ ಅದ್ರಲ್ಲಿ?” ಎಂದು ಕೇಳಿದಳು. ಅವನು ಹೇಳಿದ. ಅವಳು ಗಂಟು ಕೆಳಗಿಟ್ಟು, ಹಣೆಯ ಕುಂಕುಮ ಮುಟ್ಟಿ ನೋಡಿಕೊಂಡು, “ಯಾವನ್ಲಾ ಅವ್ನು, ನಾನಿನ್ನೂ ಬದುಕಿರೋವಾಗ ನನ್ ಕುಂಕುಮಕ್ಕೆ ಕೈ ಆಕ್ದೋನು!” ಎಂದು ಕೂಗಿದ ಕೂಗಿಗೆ ಸ್ಟಾಪಿನಲ್ಲಿದ್ದವರೆಲ್ಲ ತಿರುಗಿದರು. ಗಂಟಲಿನ ವಿಷಯದಲ್ಲಿ ಆ ಮನೆಯಲ್ಲಿ ಯಾರೂ ಕಡಿಮೆ ಇರಲಿಲ್ಲ.

ಅಷ್ಟರಲ್ಲಿ ವಾಜಿದ್‌ನ ಆಟೋ ಬಂತು. ಮೈಕಿನಲ್ಲಿ ಅವನೇ ಸಾರುತ್ತಿದ್ದ: “ಇಂದು ಮಧ್ಯಾಹ್ನ ಹುಣಸೇದೊಡ್ಡಿ ಗೇಟಿನಲ್ಲಿ, ದಿವಂಗತ ಮರಿಸಿದ್ದಯ್ಯನವರ ಶ್ರದ್ಧಾಂಜಲಿ ಸಭೆ...” ಅದರ ಬೆನ್ನಿಗೇ ಹಳೆಯ ರೆಕಾರ್ಡಿಂಗಿನಲ್ಲಿ ದಿವಂಗತರ ದನಿ ಮೊಳಗುತ್ತಿತ್ತು: “ಪ್ರಕಾಶಣ್ಣನಿಗೆ, ಜಯವಾಗ್ಲಿ!” ಆಟೋ ಇನ್ನೂ ಹತ್ತಿರ ಬಂತು. ವಾಜಿದ್ ಊರುಗೋಲು ನೋಡಿದ, ಮುಖ ನೋಡಿದ, ಫ್ಲೆಕ್ಸು ನೋಡಿದ. ಆಟೋ ನಿಂತಿತು, ರೆಕಾರ್ಡಿಂಗು ನಿಲ್ಲಲಿಲ್ಲ.

“ಯಾ ಅಲ್ಲಾ! ಸಿದ್ದಣ್ಣ, ನೀನು... ನಿನ್ನೆ ರಾತ್ರಿ ನಿನಗೋಸ್ಕರ ನಾನು ಊಟ ಬುಟ್ಟಿದ್ದೆ ಕಣಣ್ಣ!”

“ಬುಡಬಾರ್ದಾಗಿತ್ತು. ನಾನು ಎರಡು ಸಲ ಉಂಡೆ” ಎಂದ ಮರಿಸಿದ್ದಯ್ಯ.

ಇದು ಏನೋ ತಪ್ಪಾಗಿದೆ, ಅಣ್ಣನಿಗೆ ತಿಳಿಸಿದರೆ ಸಂತೋಷದಿಂದ ಕುಣಿದಾಡುತ್ತಾರೆ ಎಂದು ಅವನಿಗೆ ಖಾತ್ರಿ ಇತ್ತು. ವಾಜಿದ್‌ನ ಫೋನಿನಿಂದಲೇ ಕರೆ ಮಾಡಿದರು. ವಾಜಿದ್ ಸ್ಪೀಕರ್ ಹಾಕಿದ.

“ಅಣ್ಣಾ, ನಾನು ಮರಿಸಿದ್ದ.”

ಆ ಕಡೆಯಿಂದ ಪ್ರಕಾಶಣ್ಣನ ದನಿ ಬಂತು. “ಯಾವ ಮರಿಸಿದ್ದ?”

ಮರಿಸಿದ್ದಯ್ಯ ಸ್ವಲ್ಪ ತಡವರಿಸಿದ. “ಫ್ಲೆಕ್ಸು ಕಟ್ತೀನಲ್ಲ, ಆ ಮರಿಸಿದ್ದ ಅಣ್ಣ. ಕಾಲೊಂದು ಮುರಿದದೆ, ಇನ್ನೇನೂ ಆಗಿಲ್ಲ. ಬಂದ್ಬುಟ್ಟೆ.”

“ಎಲ್ಲಿದೀಯ? ಯಾರ್‍ಯಾರು ನೋಡಿದ್ರು?”

“ಹಲಗೂರಲ್ಲಿ. ವಾಜಿದ್ ನೋಡ್ದ.”

“ಕೇಳಿಲ್ಲಿ. ಫ್ಲೆಕ್ಸು ಎಲ್ಲಾ ಕಡೆ ಎದ್ದೋಗವೆ. ಜನ ಅಳ್ತಾವ್ರೆ. ಈ ಸಲ ಗಾಳಿ ನಮ್ಮ ಕಡೆ ಇರ್ಲಿಲ್ಲ, ನಿನ್ನ ಸಾವಿಂದ ತಿರುಗೈತೆ. ನಾಳೆ ಓಟು ಮುಗಿಯೋವರ್ಗೂ ನೀನು ಶಿವನಸಮುದ್ರದ ಕಡೆ ಎಲ್ಲಾದ್ರೂ ಇದ್ಬುಡು. ಯಾರಿಗೂ ಮಕ ತೋರಿಸ್ಬ್ಯಾಡ. ನಿನ್ನಿಂದ ಸಂಘ ಉಳೀತದೆ ಕಣ್ಲಾ.”

ಮರಿಸಿದ್ದಯ್ಯ, “ಆಯ್ತಣ್ಣ” ಎಂದ.

ಫೋನು ಇಟ್ಟರು. ಚಲುವಮ್ಮ ಬಾಯಿ ತೆರೆಯುವ ಮೊದಲೇ ಅವನು ಹೇಳಿದ, “ಒಂದು ದಿನ ತಾನೇ? ಈಗ ನಾನು ಓಗಿ ನಿಂತ್ರೆ ಅಣ್ಣ ಸುಳ್ಳುಗಾರ ಆಗೋಯ್ತಾರೆ.”

“ನೀನು ಸತ್ತಿರೋನು ಶಿವನಸಮುದ್ರಕ್ಕೆ ಓಗು. ನಾನು ಬದುಕಿರೋಳು, ಊರಿಗೆ ಓಯ್ತೀನಿ” ಎಂದಳು ಚಲುವಮ್ಮ, ಗಂಟು ಎತ್ತಿಕೊಂಡು ಆಟೋ ಹತ್ತಿ ಕೂತಳು. ಮರಿಸಿದ್ದಯ್ಯ ಅವಳನ್ನೂ ನೋಡಿದ, ಶಿವನಸಮುದ್ರದ ದಾರಿಯನ್ನೂ ನೋಡಿದ. ಆಮೇಲೆ, “ದೂರದಿಂದ ಸಭೆ ನೋಡ್ಕೊಂಡು ಓಯ್ತೀನಿ. ನನ್ನ ಬಗ್ಗೆ ಅಣ್ಣ ಏನ್ ಮಾತಾಡ್ತಾರೆ ಅಂತ ಒಂದ್ಸಾರಿ ಕೇಳ್ಬೇಕು” ಎಂದು ತಾನೂ ಹತ್ತಿದ. ವಾಜಿದ್ ಅವನ ತಲೆಯ ಮೇಲೆ ಮೈಕ್‌ಸೆಟ್ಟಿನ ಹೊದಿಕೆ ಹೊದಿಸಿದ.

ಹುಣಸೇದೊಡ್ಡಿ ಗೇಟಿನಲ್ಲಿ ಜನವೋ ಜನ. ವೇದಿಕೆಯ ಮೇಲೆ ಮರಿಸಿದ್ದಯ್ಯನ ಚೌಕಟ್ಟು ಹಾಕಿಸಿದ ಫೋಟೊ, ಅದಕ್ಕೆ ಸುಗಂಧರಾಜದ ಹಾರ. ವಾಜಿದ್ ಸಭೆಯ ಹಿಂದೆ, ಮರದ ನೆರಳಿಗೆ ಆಟೋ ನಿಲ್ಲಿಸಿದ. ಹೊದಿಕೆಯ ಸಂದಿಯಿಂದ ಮರಿಸಿದ್ದಯ್ಯ ನೋಡಿದ. ತನಗಾಗಿ ಇಷ್ಟು ಜನ ಸೇರುತ್ತಾರೆಂದು ಅವನು ಎಣಿಸಿಯೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಹೊನ್ನಯ್ಯನೂ ಕೂತಿದ್ದ. ಎದುರಾಳಿಯಾದರೂ ಕೈಯಲ್ಲಿ ಒಂದು ಸಣ್ಣ ಹಾರ ಹಿಡಿದುಕೊಂಡು ಬಂದು, ಟವಲಿನ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ಪ್ರಕಾಶಣ್ಣ ಮಾತಿಗೆ ನಿಂತರು. ದನಿ ನಡುಗುತ್ತಿತ್ತು. “ನನಗೆ ಎರಡು ಕೈ ಅಲ್ಲ, ಮೂರು ಕೈ ಇತ್ತು. ಮೂರನೇ ಕೈ ಮರಿಸಿದ್ದಯ್ಯ. ಆಸ್ಪತ್ರೇಲಿ ಅವನ ತಲೆ ನನ್ನ ತೊಡೆ ಮೇಲಿತ್ತು. ಕೊನೇ ಉಸಿರಲ್ಲಿ ಏನಂದ ಗೊತ್ತಾ? ಅಣ್ಣಾ, ನಾನು ಹೋಯ್ತೀನಿ, ಸಂಘದ ಕೈ ಬುಡಬ್ಯಾಡ ಅಂದ...”

ಹೆಂಗಸರು ಅತ್ತರು. ಆಟೋದಲ್ಲಿ ಹೊದಿಕೆಯ ಒಳಗಿನಿಂದಲೂ ಮೂಗು ಸೇದುವ ಸದ್ದು ಬಂತು. ಚಲುವಮ್ಮ ಹೊದಿಕೆ ಎತ್ತಿ ನೋಡಿದಳು. ಮರಿಸಿದ್ದಯ್ಯ ಗಳಗಳನೆ ಅಳುತ್ತಿದ್ದ.

“ನೀನ್ಯಾಕೆ ಅಳ್ತೀಯ?”

“ಎಷ್ಟು ಚೆನ್ನಾಗಿ ಮಾತಾಡ್ತಾವ್ರೆ ನೋಡು” ಎಂದ ಅವನು.

ಪ್ರಕಾಶಣ್ಣ ದನಿ ಬದಲಿಸಿದರು. “ಇಷ್ಟು ವರ್ಷ ಮರ ಹತ್ತಿದೋನು ಅವತ್ತೇ ಯಾಕೆ ಬಿದ್ದ? ಹಗ್ಗ ತಾನಾಗೇ ಹರೀತಾ? ಕುಯ್ದೋರು ಯಾರು ಅಂತ ನಾನು ಹೇಳಲ್ಲ. ಯಾರ ಫ್ಲೆಕ್ಸು ಎದುರಿಗಿತ್ತೋ ಅವರನ್ನೇ ಕೇಳಿ. ಕೊಂದೋರೇ ಬಂದು ಮುಂದಿನ ಸಾಲಲ್ಲಿ ಕೂತವ್ರೆ!”

ಎಲ್ಲರೂ ಹೊನ್ನಯ್ಯನ ಕಡೆ ನೋಡಿದರು. ಹೊನ್ನಯ್ಯ ಎದ್ದು ನಿಂತು ಟವಲಿನ ಅಂಚನ್ನು ಬೆರಳಿಗೆ ಸುತ್ತತೊಡಗಿದ. ಸ್ವರೂಪ್ ಮುಂದೆ ನುಗ್ಗಿ ಅವನ ಕೊರಳಿನ ಟವಲಿಗೆ ಕೈ ಹಾಕಿ ಎಳೆದ. ಸಣ್ಣ ಹಾರ ಕೆಳಗೆ ಬಿದ್ದು ಕಾಲ ಕೆಳಗೆ ಸಿಕ್ಕಿತು. ಇನ್ನೂ ಇಬ್ಬರು ಮೂವರು ಎದ್ದರು.

ಮರಿಸಿದ್ದಯ್ಯ ಹೊದಿಕೆ ಕಿತ್ತೆಸೆದ. ಅಳು ನಿಂತುಹೋಗಿತ್ತು. “ವಾಜಿದ್, ಮೈಕು ಕೊಡ್ಲಾ.”

“ಸಿದ್ದಣ್ಣ, ಆಮ್ಯಾಕೆ ಅವ್ರು ನನ್ನನ್ನೂ ಬುಡಾಕಿಲ್ಲ” ಎಂದು ವಾಜಿದ್ ಹೇಳಿದ. ಹೇಳುತ್ತಲೇ ಆಟೋದ ಮೈಕನ್ನು ಅವನ ಕೈಗಿಟ್ಟು ಗುಂಡಿ ಒತ್ತಿದ.

“ಹೊನ್ನಯ್ಯನ್ನ ಬುಡ್ರಲಾ!”

ಜನ ಬೆಚ್ಚಿದರು. ಹಳೆಯ ರೆಕಾರ್ಡಿಂಗು ಇರಬೇಕು ಎಂದು ಕೆಲವರು ಮೇಲಿನ ಹಾರ್ನಿನ ಕಡೆ ನೋಡಿದರು. ರೆಕಾರ್ಡಿಂಗಿನಲ್ಲಿ ಅಣ್ಣನಿಗೆ ಜಯ ಬಿಟ್ಟು ಬೇರೆ ಮಾತು ಇರಲಿಲ್ಲ ಎಂಬುದು ಎಲ್ಲರಿಗೂ ಒಟ್ಟಿಗೇ ನೆನಪಾಯಿತು.

“ಯಾರೂ ಹಗ್ಗ ಕುಯ್ಲಿಲ್ಲ. ನಾನೇ ಜಾರಿ ಬಿದ್ದೆ. ಇನ್ನೂ ಒಂದು ಗೇಣು ಮ್ಯಾಲಕ್ಕೆ ಕಟ್ಟು ಅಂದ್ರು, ಅಲ್ಲಿ ಕೊಂಬೆ ಇರ್ಲಿಲ್ಲ. ನಾನು ಸತ್ತೂ ಇಲ್ಲ. ಅಣ್ಣ ಬೇಕು ಅಂದ್ರು ಅಂತ ನಾಳೆಗಂಟ ಸತ್ತಿರ್ತಿದ್ದೆ. ಆದ್ರೆ ಆ ಮನುಷ್ಯನ ಟವಲ್ಲು ಬುಡ್ರಪ್ಪ, ಅವ್ನು ಪಾಪ ನಂಗೆ ಹಾರ ತಂದವ್ನೆ!”

ಊರುಗೋಲು ಊರಿಕೊಂಡು ಸತ್ತವನು ಆಟೋದಿಂದ ಇಳಿದ. ಒಂದು ಮುದುಕಿ ಕಿರುಚಿಕೊಂಡು ಓಡಿದಳು. ಸ್ವರೂಪ್ ಟವಲು ಬಿಟ್ಟ. ಎಲ್ಲರಿಗಿಂತ ಮೊದಲು ಸಾವರಿಸಿಕೊಂಡದ್ದು ಪ್ರಕಾಶಣ್ಣನೇ. ವೇದಿಕೆಯಿಂದ ಧುಮುಕಿ ಓಡಿಬಂದು ಮರಿಸಿದ್ದಯ್ಯನನ್ನು ತಬ್ಬಿಕೊಂಡು, “ನನ್ನ ಕಣ್ಣೀರಿಗೆ ಸಿದ್ದಪ್ಪಾಜಿ ಕರಗಿದ! ಹೋಗಿದ್ದ ಜೀವ ವಾಪಸ್ ಕಳಿಸ್ದ!” ಎಂದು ಜನರ ಕಡೆ ತಿರುಗಿದರು. ಮುಂದಿನ ಸಾಲಿನವರು ಅಭ್ಯಾಸಬಲದಿಂದ ಚಪ್ಪಾಳೆಗೆ ಕೈ ಎತ್ತಿದರು.

ಅದೇ ಹೊತ್ತಿಗೆ ಚಲುವಮ್ಮ ವೇದಿಕೆ ಹತ್ತಿದ್ದಳು. ಗಂಡನ ಫೋಟೊದಿಂದ ಹಾರ ತೆಗೆದು ಅಧ್ಯಕ್ಷರ ಮೆತ್ತನೆಯ ಕುರ್ಚಿಯ ಮೇಲೆ ಹಾಕಿದಳು. ಫೋಟೊವನ್ನು ಸೆರಗಿನಿಂದ ಒರೆಸಿ ಕಂಕುಳಲ್ಲಿಟ್ಟುಕೊಂಡು ಇಳಿದಳು. ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ, ಹಾರ ಇಡಲು ಹತ್ತಿರದಲ್ಲಿ ಇದ್ದದ್ದು ಆ ಕುರ್ಚಿ, ಅಷ್ಟೆ. ಆದರೆ ಹಾರ ಹಾಕಿಕೊಂಡು ಖಾಲಿ ಕೂತ ಕುರ್ಚಿಯನ್ನು ನೋಡಿ ಹಿಂದಿನಿಂದ ಯಾರೋ ಕಿಸಕ್ಕೆಂದರು. ಪಕ್ಕದವರು ಬಾಯಿಗೆ ಟವಲು ಒತ್ತಿಕೊಂಡರು. ಆಮೇಲೆ ಅದು ನಿಲ್ಲಲಿಲ್ಲ. ಇಷ್ಟು ವರ್ಷ ಕೆಮ್ಮುವುದಕ್ಕೂ ಅಧ್ಯಕ್ಷರ ಮುಖ ನೋಡುತ್ತಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಕಾಶಣ್ಣ ಕಾರು ಹತ್ತಿ ಹೋದ ಮೇಲೂ ನಗುತ್ತಿದ್ದರು.

ಮಾರನೇ ದಿನ ಪ್ರಕಾಶಣ್ಣ ಸೋತರು. ಭಾರಿ ಅಂತರವೇನಲ್ಲ, ಸ್ವಲ್ಪದರಲ್ಲಿ. ಮರಿಸಿದ್ದಯ್ಯ ಯಾರಿಗೆ ಓಟು ಹಾಕಿದ ಎಂಬುದನ್ನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಅವನು ಪ್ರಕಾಶಣ್ಣನಿಗೇ ಹಾಕಿದ್ದಾನೆ ಎಂಬುದು ಚಲುವಮ್ಮನ ಗುಮಾನಿ.

ಹೊನ್ನಯ್ಯ ಅವನನ್ನು ಸಂಘಕ್ಕೆ ವಾಪಸ್ಸು ಕರೆದ. ಕಾಲು ಮೊದಲಿನಂತಿಲ್ಲ, ಮೂಟೆ ಹೊರಲಾರೆ ಎಂದು ಅವನು ಹೋಗಲಿಲ್ಲ. ಈಗ ವಾಜಿದ್‌ನ ಆಟೋದಲ್ಲಿ ಕೂತು ಸಾರುತ್ತಾನೆ. ಕಣ್ಣಿನ ತಪಾಸಣೆ, ಕಳೆದುಹೋದ ಎಮ್ಮೆ, ಮಳವಳ್ಳಿಯಲ್ಲಿ ಹೊಸದಾಗಿ ತೆರೆದ ಬಟ್ಟೆ ಅಂಗಡಿ. ಹುಣಸೇದೊಡ್ಡಿಯಲ್ಲಿ ಪ್ರಕಾಶಣ್ಣನ ಮನೆಯ ಮುಂದೆ ಹೋಗುವಾಗ ಮಾತ್ರ ದನಿ ತಗ್ಗಿಸುತ್ತಾನೆ. ಮಲಗಿರ್ತಾರೇನೋ ಎನ್ನುತ್ತಾನೆ.

ಒಂದು ದಿನ ಹಾಗೆ ಹೋಗುತ್ತಿರುವಾಗ ಜಗಲಿಯಿಂದ, “ಮರಿಸಿದ್ದ” ಎಂದು ಕರೆದದ್ದು ಕೇಳಿತು. ಪ್ರಕಾಶಣ್ಣ ಒಬ್ಬರೇ ಕೂತಿದ್ದರು. ಬನಿಯನ್ನು, ಲುಂಗಿ. ಮೀಸೆಗೆ ಬಣ್ಣ ಹಾಕಿರಲಿಲ್ಲ. ಮನೆಯವರೆಲ್ಲ ಸ್ವರೂಪ್‌ಗೆ ಹೆಣ್ಣು ನೋಡಲು ಚನ್ನಪಟ್ಟಣದ ಕಡೆ ಹೋಗಿದ್ದರಂತೆ. ವಾಜಿದ್ ಬೇಡ ಎಂದು ಕಣ್ಣು ಮಾಡಿದರೂ ಮರಿಸಿದ್ದಯ್ಯ ಕುಂಟುತ್ತಾ ಹೋಗಿ ಜಗಲಿಯ ತುದಿಯಲ್ಲಿ ಕೂತ.

ಇಬ್ಬರೂ ರಸ್ತೆ ನೋಡಿದರು. ಪ್ರಕಾಶಣ್ಣ ಕೇಳಿದರು, “ನಿಜ ಹೇಳು. ಅವತ್ತು ನನ್ನ ಭಾಷಣ ಹೆಂಗಿತ್ತು?”

“ಬಾಳ ಚೆನ್ನಾಗಿತ್ತು ಅಣ್ಣ. ನಾನೇ ಅತ್ಬುಟ್ಟೆ.”

“ಮತ್ಯಾಕ್ಲಾ ಕೂಗ್ದೆ?”

“ಹೊನ್ನಯ್ಯನ ಟವಲ್ಲು ಎಳೆದ್ರಲ್ಲ.” ಮರಿಸಿದ್ದಯ್ಯ ಕಾಲು ನೀವಿಕೊಂಡ. “ನನ್ನ ಸಾಯಿಸಿದ್ದಕ್ಕೆ ನಂಗೆ ಬೇಜಾರಿಲ್ಲ ಅಣ್ಣ. ಪೋಟೊನೂ ಚೆನ್ನಾಗಿತ್ತು. ಫೋನಲ್ಲಿ ‘ಯಾವ ಮರಿಸಿದ್ದ’ ಅಂದ್ರಲ್ಲ, ಅದು... ಅದೊಂದು ಒಳಗೆ ಕುಂತ್ಬುಟ್ಟದೆ.”

ತಪ್ಪಾಯ್ತು ಎಂಬ ಮಾತು ಪ್ರಕಾಶಣ್ಣನ ಬಾಯಿಂದ ಬರುತ್ತದೆಂದು 
ಮರಿಸಿದ್ದಯ್ಯ ಕಾದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಟೀ ಕುಡೀತೀಯಾ?” ಎಂದು ಅವರು ಎದ್ದರು. ಮರಿಸಿದ್ದಯ್ಯ ಗಾಬರಿಯಾಗಿ, ನಾನು ಮಾಡ್ಕೊಂಡು ಬತ್ತೀನಿ ಬುಡಿ ಎಂದು ಊರುಗೋಲು ಹುಡುಕಿದ. ಅಷ್ಟರಲ್ಲಿ ಅವರು ಒಳಗೆ ಹೋಗಿದ್ದರು. ಪಾತ್ರೆ ಬಿದ್ದ ಸದ್ದು, ಲೈಟರ್ ಹತ್ತದ ಸದ್ದು, ಹಾಲು ಉಕ್ಕಿದ ವಾಸನೆ. ಕೊನೆಗೆ ಎರಡು ಲೋಟ ಹಿಡಿದುಕೊಂಡು ಬಂದು ಒಂದನ್ನು ಅವನ ಮುಂದೆ ಇಟ್ಟರು. ಆ ಮನೆಯಲ್ಲಿ ಅವರು ಇನ್ನೊಬ್ಬರಿಗೆ ಲೋಟ ಕೊಟ್ಟದ್ದನ್ನು ಅವನು ನೋಡಿದ್ದು ಅದೇ ಮೊದಲು.

ಮರಿಸಿದ್ದಯ್ಯ ಒಂದು ಗುಟುಕು ಕುಡಿದ.

“ಹೆಂಗದೆ?”

“ಚೆನ್ನಾಗ...” ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. ಲೋಟದೊಳಗೆ ನೋಡಿದ, ಅಣ್ಣನ ಮುಖ ನೋಡಿದ. “ಸಕ್ಕರೆ ಆಕಿಲ್ಲ ಅಣ್ಣ” ಎಂದ.